ಕೋಟಿನಾಕಿಗೆ ಬಾಯಿಯಾದ ಮಳೆಗಾಲ

ಆ ವಿಡಿಯೊ ಗೇಮ್ ಆಡಿದವರು ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನು ನಾನು ಈಗಲೂ ಆಗಾಗ ತೆರೆದು ಓದುತ್ತೇನೆ. ಮೊನ್ನೆ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆಂದು ಅಫಜಲಪುರದ ಕಡೆಯಿಂದ ಆಳಂದಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಮೊಣಕಾಲಿಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿದ ಎಣ್ಣೆ ಹಚ್ಚಿಕೊಂಡಿದ್ದಳು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಕೈ ತಾನಾಗಿ ಮೊಬೈಲಿಗೆ ಹೋಯಿತು. ಹೊಸಬನೊಬ್ಬ ಬರೆದಿದ್ದ: 'ನೋಡಲು ಬೆಂಕಿ, ಆಡಲು ಹಿಂಸೆ. ಕತೆಯ ದೃಶ್ಯ ಬಂದಾಗ ದಾಟಿಸಿ ಮುಂದೆ ಹೋಗಲು ಬಿಡುವುದೇ ಇಲ್ಲ. ಸತ್ತರೆ ಮತ್ತೆ ಅದೇ ದೃಶ್ಯ ಮೊದಲಿನಿಂದ ನೋಡಬೇಕು. ಇದನ್ನು ಮಾಡಿದವರಿಗೆ ಬುದ್ಧಿ ಇರಲಿಲ್ಲವೇ?' ಇರಲಿಲ್ಲ ಮಾರಾಯ, ನೀನು ಹೇಳಿದ್ದು ಖರೆ. ಆದರೆ ಆ ಬುದ್ಧಿ ಇಲ್ಲದವರಿಗೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಯಾಕೆಂದು ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ತೊದಲುತ್ತೇನೆ. ಚಿಕ್ಕಂದಿನಿಂದಲೂ. 'ಕ'ದಿಂದ ಶುರುವಾಗುವ ಶಬ್ದ, 'ಪ'ದಿಂದ ಶುರುವಾಗುವ ಶಬ್ದ ನನ್ನ ಗಂಟಲಿಗೆ ಬಂದು ಕೂತುಬಿಡುತ್ತವೆ, ಏಳುವುದಿಲ್ಲ. ನನ್ನ ಹೆಸರೇ ಕಸ್ತೂರಿ ಎಂದರೆ ನೋಡಿರಿ, ಹೆಸರಿಟ್ಟವರಿಗೆ ಏನನ್ನಬೇಕು! ಪೆನ್ನು ಮಾತ್ರ ಎಂದೂ ತೊದಲಲಿಲ್ಲ. ಹಾಗಾಗಿ ಬರೆಯಲು ಕೂತರೆ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ತೊದಲುವವರೆಲ್ಲರಿಗೂ ಒಂದು ಕಳ್ಳದಾರಿ ಗೊತ್ತಿರುತ್ತದೆ. ಶಬ್ದ ಸಿಕ್ಕಿಕೊಳ್ಳುತ್ತದೆ ಎಂದು ಎರಡು ಹೆಜ್ಜೆ ಮೊದಲೇ ತಿಳಿಯುತ್ತದೆ. ತಿಳಿದ ಕೂಡಲೇ ಅದನ್ನು ಬಿಟ್ಟು ಬೇರೊಂದು ಶಬ್ದ ಹಾಕಿಬಿಡುವುದು. ಕುರ್ಚಿ ಬೇಕಿದ್ದರೆ ಸ್ಟೂಲು ಕೇಳುವುದು. ಪುಣೆಗೆ ಹೋಗುವವಳು ಸೊಲ್ಲಾಪುರಕ್ಕೆ ಎನ್ನುವುದು. ನಾನು ಹಾಗೆ ಬದುಕಿ ಬಿ.ಎಡ್.ವರೆಗೂ ಬಂದಿದ್ದೆ. ಊರು ಜೇವರ್ಗಿ ತಾಲೂಕಿನ ನೆಲೋಗಿ, ಕಾಲೇಜು ಆಳಂದದಲ್ಲಿ.

ಎರಡನೇ ವರ್ಷದ ಮಳೆಗಾಲದ ಆರಂಭಕ್ಕೆ ನಮ್ಮ ಪಾಠ ನೋಡುತ್ತಿದ್ದ ಮೇಡಂ ನನ್ನನ್ನು ಬದಿಗೆ ಕರೆದು ಹೇಳಿದರು: “ಕಸ್ತೂರಿ, ನೀ ಬೋರ್ಡ್ ಮ್ಯಾಲ ಬರದು, ಚಿತ್ರ ತೂಗಿ ಹಾಕಿ, ಹುಡುಗರ ಕಡಿಂದ ಓದಿಸಿ ಪಾಠ ಮುಗಸ್ತಿ. ನನಗ ತಿಳಿಯಂಗಿಲ್ಲಂತ ತಿಳ್ಕೋಬ್ಯಾಡ. ದೀಪಾವಳಿ ಮುಗಿದ ಮ್ಯಾಲ ಕೊನಿ ಪಾಠ ಅದ. ಹೊರಗಿನ ಪರೀಕ್ಷಕರು ಬರ್ತಾರ. ಅವತ್ತು ನೀನೇ ನಿಂತು ಮಾತಾಡಬೇಕು. ಇಲ್ಲಂದ್ರ ನಾ ಪಾಸ್ ಮಾಡ್ರಿ ಅಂತ ಹೇಳೂ ಹಂಗಿಲ್ಲ ನೋಡವಾ.”

ಅವರು ಸಿಟ್ಟಿನಿಂದ ಹೇಳಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ವಿಜ್ಞಾನದ ಪಾಠದಲ್ಲಿ ಕಳ್ಳದಾರಿ ನಡೆಯುವುದಿಲ್ಲ. ಪರಾಗಸ್ಪರ್ಶಕ್ಕೆ ಪರಾಗಸ್ಪರ್ಶ ಎಂದೇ ಹೇಳಬೇಕು. ನಾನು ಟೀಚರ್ ಆಗುತ್ತೇನೋ, ಅಥವಾ ಬಾಯಿ ಮುಚ್ಚಿಕೊಂಡು ನೆಲೋಗಿಗೆ ವಾಪಸು ಹೋಗುತ್ತೇನೋ ಎನ್ನುವುದು ಆ ಒಂದು ಪಾಠದ ಮೇಲೆ ನಿಂತಿತ್ತು.

ನಾನಿದ್ದದ್ದು ಶರಣಮ್ಮ ಕಾಕುವಿನ ಮನೆಯ ಹಿಂದಿನ ಕೋಣೆಯಲ್ಲಿ. ಬಾಡಿಗೆಯವಳೆಂದು ಬಂದವಳು ಎರಡನೇ ವಾರಕ್ಕೆ ಅವಳ ತಟ್ಟೆಯ ಪಕ್ಕದಲ್ಲೇ ಊಟಕ್ಕೆ ಕೂರತೊಡಗಿದ್ದೆ. ಆಳಂದದ ಆ ಓಣಿಯಲ್ಲಿ ಎಲ್ಲರೂ ಅವಳಿಗೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೊಬ್ಬಳು 'ಕ' ಸಿಕ್ಕಿಕೊಳ್ಳುತ್ತದೆಂದು ಬರೀ “ರೀ, ನೋಡ್ರಿ” ಎಂದು ಕರೆಯುತ್ತಿದ್ದೆ. ಅವಳ ಗಂಡ ಬಸಣ್ಣ ಕಾಕಾ ಖಜೂರಿ ದಾರಿಯಲ್ಲಿ ಮಹಾರಾಷ್ಟ್ರಕ್ಕೆ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆ ಕಾಣುತ್ತಿದ್ದ.

ಆ ವರ್ಷದ ಮೊದಲ ಮಳೆಗೆ ಕಾಕು ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿ ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಒಂದು ಗಳಿಗೆ ಸುಮ್ಮನೆ ಕೂರದ ಹೆಂಗಸು ಅದು. ಕೂತಲ್ಲಿಂದಲೇ ಓಣಿಯ ಅರ್ಧ ಮಂದಿಯೊಂದಿಗೆ ಜಗಳ ತೆಗೆದಳು. ಬಸಣ್ಣ ಕಾಕಾ ಕಂಗಾಲಾಗಿ ಸೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕರಿ ಡಬ್ಬಿ ತಂದ. “ಟಿವಿಗೆ ಹಚ್ಚಿದ್ರ ಸಿನೆಮಾ ಬರ್ತಾವಂತ” ಎಂದು ತಾನೇ ವೈರು ಚುಚ್ಚಿದ. ಸಿನೆಮಾ ಬರಲಿಲ್ಲ. ಅದು ವಿಡಿಯೊ ಗೇಮಿನ ಡಬ್ಬಿ. ಒಳಗೆ ಒಂದು ಸಿ.ಡಿ. ಸಿಕ್ಕಿಕೊಂಡಿತ್ತು, ಏನು ಮಾಡಿದರೂ ಹೊರಗೆ ಬರಲೊಲ್ಲದು. ಹಾಗಾಗಿ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಆಟ.

ಕಾಕು ಡಬ್ಬಿ ತಂದವನಿಗೆ ಮನಸಾರೆ ಬೈದಳು. ಬೈಯುತ್ತಲೇ ತೆರೆಯ ಕಡೆ ನೋಡಿದಳು. ಕಡಲ ದಂಡೆಯ ಹಾಳುಬಿದ್ದ ಪಟ್ಟಣ, ಅದರ ನಡುವೆ ಉದ್ದನೆಯ ನೀಲಿ ಕೋಟು ತೊಟ್ಟ ಹೆಂಗಸು, ಎರಡೂ ಕೈಯಲ್ಲಿ ಗಿಡ್ಡ ಕತ್ತಿ. ಅವಳು ನಾಲ್ಕು ಹೆಜ್ಜೆ ನಡೆದಳು. ಕೋಟಿನ ಅಂಚು ಅವಳ ಹಿಂದೆ ಒಂದು ಕ್ಷಣ ತಡವಾಗಿ ತಿರುಗಿತು.

“ಅಬ್ಬಬ್ಬಾ, ಏನ್ ನಡಿಗಿ ಬೇ ಆಕಿದು!” ಎಂದಳು ಕಾಕು. “ಆ ಕೋಟ ಹೊಲಿದ ಟೇಲರ್ ಯಾವ ಊರಾಂವೋ ಏನೋ.”

ಅಂದಿನಿಂದ ಅವಳ ಹೆಸರು ಕೋಟಿನಾಕಿ. ಮುಂಜಾನೆ ಕಾಕು ಮಂಚದ ಮೇಲೇ ಮೈ ಒರೆಸಿಕೊಂಡು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮುಗಿಸುವಳು. ರೊಟ್ಟಿ ತಿನ್ನುವಳು. ಮುರಿದ ಕಾಲಿನ ಮೊಣಕಾಲಿಗೆ ಆ ಬೆಳ್ಳುಳ್ಳಿ, ಅಜವಾನದ ಎಣ್ಣೆ ತಿಕ್ಕಿಸಿಕೊಳ್ಳುವಳು. ಮಧ್ಯಾಹ್ನ ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತಿದ್ದು “ಬಾ, ಬಾ, ಡಬ್ಬಿ ಹಚ್ಚು” ಎನ್ನುವಳು. ಹೊರಗೆ ಮಳೆ, ಓಣಿಯ ತುಂಬ ಕರಿಮಣ್ಣಿನ ರಾಡಿ, ಒಳಗೆ ಐವತ್ತೆರಡು ವರ್ಷದ ಹೆಂಗಸು ರಿಮೋಟು ಹಿಡಿದು ತೆರೆಯ ಮೇಲಿನ ಮುಖವಾಡದ ವೈರಿಗಳನ್ನು ಕೊಚ್ಚುತ್ತಿದ್ದಳು.

ಆಟದಲ್ಲಿ ಕತೆಯೂ ಇತ್ತು. ಮಾತೆಲ್ಲ ಯಾವುದೋ ಭಾಷೆಯಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ. ಕಾಕು ನಾಲ್ಕನೇ ಇಯತ್ತೆ ಓದಿದವಳು, ಕನ್ನಡ ಪಟಪಟ ಓದುವಳು, ಇಂಗ್ಲಿಷ್ ಬಾರದು. “ಏನಂದ್ಳು ಬೇ ಆಕಿ? ಹೇಳ್, ಹೇಳ್, ಹೊಂಟ್ಳು ನೋಡು” ಎಂದು ನನ್ನ ತೋಳು ತಿವಿಯುವಳು. ದೃಶ್ಯ ನಿಲ್ಲುವುದಿಲ್ಲ, ದಾಟುವುದೂ ಇಲ್ಲ. ನಾನು ತೊದಲುತ್ತಾ ಇದ್ದರೆ ಎರಡು ಸಾಲು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಹಳೇ ಚಾಳಿ ಹಿಡಿದೆ. ಸಿಕ್ಕಿಕೊಳ್ಳುವ ಶಬ್ದ ಬಂದರೆ ಬೇರೆ ಹಾಕಿ ಹೇಳಿದೆ.

ಕತೆಯ ನಡುವಿನ ದೊಡ್ಡ ಕಾಳಗ ಕೋಟಿನಾಕಿಗೂ ಅವಳ ಅಕ್ಕನಿಗೂ. ಕಾಳಗದ ಮೊದಲು ಇಬ್ಬರೂ ಮುರಿದ ಸೇತುವೆಯ ಮೇಲೆ ಎದುರುಬದುರು ನಿಲ್ಲುತ್ತಾರೆ. ಅಕ್ಕ ಕೇಳುತ್ತಾಳೆ, ನನ್ನ ಗಂಡನಿಗೆ ಏನಾಯಿತು? ಕೋಟಿನಾಕಿ ಹೇಳುತ್ತಾಳೆ, ನಾನೇ ಅವನನ್ನು ಕೊಂದೆ. 'ಕೊಂದೆ' ನನ್ನ ಬಾಯಿಂದ ಬರುವ ಮಾತೇ? ಬರಲಿಲ್ಲ. ಥಟ್ಟನೆ “ನಾನೇ ಅವನಿಗೆ ಹೋಗು ಅಂತ ಬಿಟ್ಟೆ” ಎಂದುಬಿಟ್ಟೆ. ಅಷ್ಟರಲ್ಲಿ ಕತ್ತಿ ಹೊರಬಿತ್ತು, ಕಾಳಗ ಶುರುವಾಯಿತು.

ಆ ಅಕ್ಕನನ್ನು ಗೆಲ್ಲುವುದು ಕಾಕುವಿಗೆ ವಾರಗಟ್ಟಲೆ ಆಗಲಿಲ್ಲ. ಸತ್ತಾಗಲೆಲ್ಲ ಸೇತುವೆಯ ದೃಶ್ಯ ಮತ್ತೆ ಮೊದಲಿನಿಂದ ಬರುತ್ತಿತ್ತು, ನಾನು ಮತ್ತೆ ಹೇಳಬೇಕಿತ್ತು. “ನೀ ಯಾಕ ಸುಮ್ಮ ಕುಂತಿ? ಹೇಳು. ಮಾತಿಲ್ಲಂದ್ರ ನನಗ ಕೈ ಬರಂಗಿಲ್ಲ” ಎನ್ನುತ್ತಿದ್ದಳು. ಒಂದೇ ಮಧ್ಯಾಹ್ನಕ್ಕೆ ಹತ್ತು ಹನ್ನೆರಡು ಸಲ ಅದೇ ಮಾತು. ಒಮ್ಮೆ ಕತ್ತಿ ಎನ್ನಲು ಆಗದೆ ಆಯುಧ ಎಂದರೆ ತಕ್ಷಣ ಹಿಡಿಯುವಳು: “ನಿನ್ನಿ ಹಿಂಗ ಹೇಳಿದ್ದಿಲ್ಲಲ್ಲ ನೀ?” ನಾನು ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ.

ಆಟದ ಬಗ್ಗೆ ಲೋಕ ಏನೆನ್ನುತ್ತದೆ ಎಂಬ ಕುತೂಹಲಕ್ಕೆ ನಾನೇ ಆ ಅಭಿಪ್ರಾಯದ ಪುಟ ಹುಡುಕಿ ತೆಗೆದದ್ದು. ಬರಹವೆಲ್ಲ ಇಂಗ್ಲಿಷಿನಲ್ಲಿ, ಆಡಿದವರು ಬಹಳ ಮಂದಿ ಇರಲಿಲ್ಲ. ಇದ್ದವರು ಮಾತ್ರ ಅದಕ್ಕೆ ಪ್ರಾಣ ಬಿಡುತ್ತಿದ್ದರು, ಮತ್ತು ಅಷ್ಟೇ ಬೈಯುತ್ತಿದ್ದರು. 'ಅವಳು ನಡೆಯುವುದನ್ನು ನೋಡಲೆಂದೇ ಮೂರು ಸಲ ಆಡಿ ಮುಗಿಸಿದೆ.' 'ಕ್ಯಾಮೆರಾ ಕುರುಡು.' 'ಇಷ್ಟು ಚಂದದ ಆಟವನ್ನು ಇಷ್ಟು ಕೆಟ್ಟದಾಗಿ ಯಾರೂ ಮಾಡಿರಲಾರರು.' ನಾನು ಓದಿ ಹೇಳುತ್ತಿದ್ದಂತೆ ಕಾಕು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಳು. ದೃಶ್ಯ ದಾಟಿಸಲು ಬಿಡುವುದಿಲ್ಲ ಎಂದು ಗೊಣಗಿದವನಿಗೆ, “ಇವಗ ಕೇಳೂವಷ್ಟು ಪುರಸತ್ತಿಲ್ಲಂದ್ರ ಯಾಕ ಕುಂತಾನಂತ? ಎದ್ದು ಹೊಲಕ್ಕ ಹೋಗಂತ ಹೇಳು” ಎಂದಳು. ಕೊನೆಗೊಂದು ದಿನ ತಾನೂ ಬರೆಸುತ್ತೇನೆಂದಳು.

“ಬರಿ. ನಡಿಗಿ ಫಸ್ಟ್ ಕ್ಲಾಸ್. ಕೋಟು ಫಸ್ಟ್ ಕ್ಲಾಸ್. ಕ್ಯಾಮೆರಾ ಹಿಡದಾಂವ ಗ್ವಾಡಿ ಹಿಂದ ನಿಂತು ನಿದ್ದಿ ಮಾಡ್ತಾನ. ಹಾರಿದ ಮ್ಯಾಲ ಹೊರಳಾಕ ಬರಂಗಿಲ್ಲ, ಸೀದಾ ಬಾವ್ಯಾಗ ಬಿದ್ದಂಗ ಬೀಳ್ತಾಳ. ಮತ್ತ ಕತಿಯೊಳಗ ದೊಡ್ಡ ತಪ್ಪದ. ಗಂಡ ಮನಿ ಬಿಟ್ಟು ಹೋದ್ರ ಅಕ್ಕ ಆದಾಕಿ ತಂಗಿ ಮ್ಯಾಲ ಕತ್ತಿ ಹಿಡಕೊಂಡು ಬೀಳ್ತಾಳೇನು? ಹೋದಾಂವನ್ನ ಹುಡುಕಬೇಕು. ಇದು ಅಕ್ಕಲ್ ಇದ್ದವರು ಬರದ ಕತಿ ಅಲ್ಲ. ಕೆಳಗ ಹಾಕು, ಶರಣಮ್ಮ, ಆಳಂದ.”

ಆ ತಪ್ಪು ಕತೆಯದಲ್ಲ, ನನ್ನದು. ಆದರೂ ಬರೆದು ಹಾಕಿದೆ. ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಯಾರು ಓದುತ್ತಾರೆ ಎಂದು ಧೈರ್ಯ ತಂದುಕೊಂಡೆ.

ಓದಿದರು. ಎರಡೇ ದಿನಕ್ಕೆ ಒಬ್ಬ ಕನ್ನಡದಲ್ಲೇ ಉತ್ತರ ಬರೆದ: 'ಶರಣಮ್ಮನವರೇ, ಆಟ ಆಡಿದ್ದೀರೋ ಇಲ್ಲವೋ? ಗಂಡ ಮನೆ ಬಿಟ್ಟು ಹೋಗಿಲ್ಲ. ತಂಗಿಯೇ ಅವನನ್ನು ಕೊಂದಿದ್ದಾಳೆ. ಅಕ್ಕನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಇನ್ನೊಮ್ಮೆ ಕಣ್ಣು ಬಿಟ್ಟು ನೋಡಿ.' ನಾನು ಓದಿ ಮುಚ್ಚಿಟ್ಟೆ. ಕಾಕು ದಿನಾ ಕೇಳುತ್ತಿದ್ದಳು, “ಏನಂತಾರ ನನ್ನ ಮಾತಿಗೆ?” ಯಾರೂ ಏನೂ ಅಂದಿಲ್ಲ ಎನ್ನುತ್ತಿದ್ದೆ. ಮೂರು ದಿನ ಹಾಗೆ ನಡೆಯಿತು. ನಾಲ್ಕನೇ ದಿನ ನಾನು ಸ್ನಾನಕ್ಕೆ ಹೋದಾಗ ಅವಳೇ ನನ್ನ ಮೊಬೈಲು ಎತ್ತಿಕೊಂಡಿದ್ದಾಳೆ. ಕನ್ನಡ ಓದಲು ಬರುತ್ತದಲ್ಲ!

“ಕಸ್ತೂರಿ, ಇಲ್ಲಿ ಬಾ,” ಎಂದಳು. ದನಿ ಜೋರಿರಲಿಲ್ಲ. “ಇಂವ ಯಾಂವ? ನಾ ಸುಳ್ಳ ಬರಸೇನಂತಾನ.”

ಅವನೇ ತಪ್ಪು ತಿಳಿದಿದ್ದಾನೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಕಾಕು ನನ್ನನ್ನೇ ನಂಬುತ್ತಿದ್ದಳು, ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹೇಳಲಾಗಲಿಲ್ಲ. ಲೋಕದ ಮುಂದೆ ಅವಳ ಹೆಸರು ಹಾಕಿ ನಾನು ಅವಳನ್ನು ಮಂಗ ಮಾಡಿದ್ದೆ. ಅಳು ಬಂತು. ಓಡಿಹೋಗಿ ನೋಟ್‌ಬುಕ್ ತಂದು ಎಲ್ಲವನ್ನೂ ಬರೆದೆ. ನನಗೆ ಯಾವ ಶಬ್ದ ಬರುವುದಿಲ್ಲ, ಹೇಗೆ ಬದಲಿಸುತ್ತೇನೆ, ಕತೆ ಹೇಗೆ ಕೆಟ್ಟಿತು, ಎಲ್ಲವನ್ನೂ ಒಂದು ಪುಟ ತುಂಬ ಬರೆದು ಮುಂದೆ ಹಿಡಿದೆ.

ಕಾಕು ನೋಟ್‌ಬುಕ್ಕನ್ನು ನೋಡಲೂ ಇಲ್ಲ, ಕೈಯಿಂದ ಸರಿಸಿದಳು. “ಬರದದ್ದು ಬ್ಯಾಡ ನನಗ. ಬಾಯಿಲೆ ಹೇಳು. ಹಚ್ಚು ಡಬ್ಬಿ.”

ಹಚ್ಚಿದೆ. ಸೇತುವೆ ಬಂತು. ಅಕ್ಕ ಕೇಳಿದಳು. ಕೋಟಿನಾಕಿ ಉತ್ತರ ಹೇಳಿದಳು. ನಾನು, “ನಾನೇ ಅವನ್ನ ಕೊ… ಕೊ…” ಎಂದು ನಿಂತೆ. ದೃಶ್ಯ ಮುಗಿಯಿತು, ಕಾಳಗ ಶುರುವಾಯಿತು. ಕಾಕು ರಿಮೋಟನ್ನು ಮಡಿಲಲ್ಲಿ ಇಟ್ಟುಬಿಟ್ಟಳು. ಟಿವಿಯ ಕಡೆ ಬೆನ್ನು ಮಾಡಿ ನನ್ನ ಮುಖವನ್ನೇ ನೋಡುತ್ತಾ ಕೂತಳು. ಹಿಂದೆ ಅಕ್ಕನ ಕತ್ತಿ ಒಂದು ಸಲ ಬಿತ್ತು, ಎರಡು ಸಲ ಬಿತ್ತು, ಕೋಟಿನಾಕಿ ಮೊಣಕಾಲೂರಿದಳು. ನಾನು ತೆರೆಯ ಕಡೆ ಕೈ ಮಾಡಿ ತೋರಿಸಿದೆ.

“ಸಾಯ್ಲಿ ಬಿಡು ಆಕಿ,” ಎಂದಳು ಕಾಕು. “ಆಕಿಗೆ ಜಲ್ಮ ಭಾಳ ಅವ. ನಿಂದು ಮುಗೀಲಿ. ನಾ ಕಾಯ್ತೇನಿ.”

ನನ್ನ ಇಪ್ಪತ್ಮೂರು ವರ್ಷದಲ್ಲಿ ಆ ಮಾತನ್ನು ಯಾರೂ ಹೇಳಿರಲಿಲ್ಲ. ಮನೆಯವರು ಪ್ರೀತಿಯಿಂದಲೇ ನನ್ನ ಶಬ್ದಗಳನ್ನು ಎತ್ತಿಕೊಡುತ್ತಿದ್ದರು. ಗೆಳತಿಯರು ಮರ್ಯಾದೆಗೆಂದು ಬೇರೆ ಕಡೆ ನೋಡುತ್ತಿದ್ದರು. ಇವಳು ಶಬ್ದ ಕೊಡಲಿಲ್ಲ, ಕಣ್ಣೂ ತೆಗೆಯಲಿಲ್ಲ. ತೆರೆ ಕೆಂಪಾಯಿತು, ಮತ್ತೆ ಸೇತುವೆ ಬಂತು. ಮತ್ತೆ ಸಿಕ್ಕಿತು, ಮತ್ತೆ ಕೋಟಿನಾಕಿ ಸತ್ತಳು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಬೆವೆತು ನೀರಾಗಿ, “ನಾನೇ ಅವನ್ನ ಕೊ… ಕೊ… ಕೊಂದೆ, ಕಾ… ಕಾಕು” ಎಂದೆ. ಹೇಳಬೇಕಿದ್ದದ್ದು ಒಂದು ಶಬ್ದ, ಬಾಯಿಂದ ಬಂದದ್ದು ಎರಡು; ಅವಳನ್ನು ಕಾಕು ಎಂದು ಕರೆದದ್ದು ಅದೇ ಮೊದಲು.

ಕಾಕು ತೆರೆಯ ಕಡೆ ತಿರುಗಿ ಅಕ್ಕನನ್ನು ನೋಡಿದಳು. “ಹಂಗಾರ ಅಕ್ಕಂದು ಬರೋಬ್ಬರಿ ಅದ,” ಎಂದಳು. ಆಮೇಲೆ ಸಿಟ್ಟು ಬಂತು, ಬರಲೇಬೇಕಿತ್ತು. “ಎರಡು ತಿಂಗಳು ಆಕಿನ್ನ ದೇವರಂಥಾಕಿ ಅನಕೊಂಡು ನಾ ಬಡದಾಡೇನಿ! ಏನ್ ಹೆಣಮಗಳದೀ ಬೇ ನೀ! ಇನ್ನ ಮ್ಯಾಲ ಆಕಿ ಏನಂತಾಳ ಅದನ್ನ ಹೇಳು. ಎಷ್ಟು ಹೊತ್ತು ಹಿಡಿತದ ಹಿಡೀಲಿ.” ಸಂಜೆಗೆ ಪುಟದಲ್ಲಿ ಇನ್ನೊಂದು ಬರೆಸಿದಳು: 'ಕತೆಯಲ್ಲಿ ತಪ್ಪಿಲ್ಲ. ತಪ್ಪು ನಮ್ಮ ಮನೆಯಲ್ಲಿ ಆಗಿತ್ತು. ಕ್ಯಾಮೆರಾ ಬಗ್ಗೆ ಹೇಳಿದ ಮಾತು ಮಾತ್ರ ಹಾಗೇ ಇರಲಿ.'

ಆ ಮಳೆಗಾಲದ ಉಳಿದ ದಿನಗಳೆಲ್ಲ ಹೀಗೇ ಕಳೆದವು. ಪ್ಲಾಸ್ಟರ್ ಬಿಚ್ಚಿದರು, ಕಾಕು ಕೋಲು ಹಿಡಿದು ಅಂಗಳಕ್ಕೆ ಬಂದಳು, ಆದರೂ ಮಧ್ಯಾಹ್ನದ ಆಟ ತಪ್ಪಲಿಲ್ಲ. ನಾನು ತೊದಲುತ್ತಲೇ ಹೇಳುತ್ತಿದ್ದೆ. ತೊದಲು ಕಡಿಮೆಯಾಯಿತೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಶಬ್ದ ಬದಲಿಸುವುದನ್ನು ಬಿಟ್ಟೆ, ಅಷ್ಟೇ. ಬಸಣ್ಣ ಕಾಕಾ ಲಾರಿಯಿಂದ ಇಳಿದು ಬಂದು ಬಾಗಿಲಲ್ಲೇ ನಿಂತು, “ಇವರಿಬ್ಬರೂ ಯಾರನ್ನ ಕೊಲ್ಲಾಕತ್ತಾರಪ್ಪಾ” ಎಂದು ನಗುತ್ತಿದ್ದ. ದೀಪಾವಳಿಯ ಹಿಂದಿನ ವಾರ ಕಾಕು ಅಕ್ಕನನ್ನು ಗೆದ್ದಳು. “ಪಾಪ, ಅಕ್ಕಂದೇನು ತಪ್ಪಿತ್ತು,” ಎಂದು ರಿಮೋಟು ಕೆಳಗಿಟ್ಟು ಎರಡು ದಿನ ಆಟ ಮುಟ್ಟಲಿಲ್ಲ.

ಕೊನೆಯ ಪಾಠದ ದಿನ ಬಂತು. ಖಜೂರಿ ದಾರಿಯ ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಬಸಣ್ಣ ಕಾಕಾ ಮುಂಜಾನೆಯೇ ನಾಲ್ಕು ಟೊಂಗೆ ಮುರಿದು ತಂದುಕೊಟ್ಟ. ಎಂಟನೇ ತರಗತಿ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು, ಬಿಳಿ ಅಂಗಿಯ ಗಂಭೀರ ಮನುಷ್ಯ, ಪಕ್ಕದಲ್ಲಿ ನಮ್ಮ ಮೇಡಂ. ಹೂವಿನ ಟೊಂಗೆ ಕೈಯಲ್ಲಿ ಹಿಡಿದು ಶುರು ಮಾಡಿದೆ. ಜೇನುಹುಳು ಬರುತ್ತದೆ, ಹೂವಿನ ಮೇಲೆ ಕೂರುತ್ತದೆ, ಧೂಳು ಮೈಗೆ ಅಂಟುತ್ತದೆ, ಅಲ್ಲಿಯವರೆಗೂ ಹೇಗೋ ಬಂದೆ. ಆಮೇಲೆ ಅದಕ್ಕೊಂದು ಹೆಸರಿದೆಯಲ್ಲ.

“ಇದಕ್ಕ ಪ… ಪ…”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನ ಒಬ್ಬ ಹುಡುಗಿಗೆ ಕನಿಕರ ಬಂತೋ ಏನೋ, “ಪರಾಗಸ್ಪರ್ಶ ರೀ ಟೀಚರ್” ಎಂದು ಎತ್ತಿಕೊಟ್ಟಳು. ಇಡೀ ತರಗತಿ ನಿರಾಳವಾಯಿತು. ನಾನು ಹೌದು ಎಂದು ತಲೆಯಾಡಿಸಿ ಮುಂದೆ ಹೋಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಹೋಗಲಿಲ್ಲ.

“ಚಲೋ ಹೇಳಿದಿ,” ಎಂದೆ. “ಆದ್ರ ನಾನೂ ಹೇಳ್ತೇನಿ. ಜರಾ ಹೊತ್ತು ಹಿಡಿತದ. ಎಲ್ಲಾರೂ ಕಾ… ಕಾಯ್ರಿ.”

ಕಾದರು. ನಲವತ್ತು ಮಕ್ಕಳು, ಹಿಂದೆ ಇಬ್ಬರು ದೊಡ್ಡವರು. ಮೇಡಂ ತಲೆ ತಗ್ಗಿಸಿದ್ದು ಕಂಡಿತು. ಕೈಯಲ್ಲಿದ್ದ ಟೊಂಗೆಯಿಂದ ಎರಡು ಹೂ ಉದುರಿದವು. ಶಬ್ದ ಬಂತು, ಪೂರ್ತಿ ಬಂತು. ಅಂದು ಆ ಪಾಠದಲ್ಲಿ ಆ ಶಬ್ದವನ್ನು ಇನ್ನೂ ಏಳೆಂಟು ಸಲ ಹೇಳಬೇಕಾಯಿತು. ಹೆಚ್ಚುಕಡಿಮೆ ಪ್ರತಿ ಸಲವೂ ಸಿಕ್ಕಿತು. ಎರಡನೇ ಸಲಕ್ಕೇ ನಗು ನಿಂತಿತ್ತು.

ಪಾಠ ಮುಗಿದ ಮೇಲೆ ಪರೀಕ್ಷಕರು ನನ್ನ ಪಾಠದ ದಾಖಲೆ ಪುಸ್ತಕ ತರಿಸಿಕೊಂಡು ಕೊನೆಯ ಪುಟದಲ್ಲಿ ಏನೋ ಬರೆದು, ಮುಚ್ಚಿ, ನನ್ನ ಕೈಗೆ ಕೊಟ್ಟು ಹೊರಟುಹೋದರು. ನನಗೆ ಅಲ್ಲಿ ತೆರೆಯುವ ಧೈರ್ಯವಾಗಲಿಲ್ಲ. ಎದೆಗೆ ಅವಚಿಕೊಂಡು ಮನೆಗೆ ಬಂದೆ. ಕಾಕು ಒಲೆಯ ಮೇಲೆ ಹಾಲಿಟ್ಟು ಪಡಸಾಲೆಯಲ್ಲಿ ಕೋಲು ಹಿಡಿದು ಕೂತಿದ್ದಳು. ಟಿವಿ ಹಚ್ಚಿರಲಿಲ್ಲ.

“ಏನ್ ಬರದಾರ? ಓದು,” ಎಂದಳು. ಪುಸ್ತಕಕ್ಕೆ ಅವಳು ಕೈ ಚಾಚಲಿಲ್ಲ.

ತೆರೆದು ಓದಿದೆ. 'ಶಿಕ್ಷಕಿಗೆ ತೊದಲು ಇದೆ. ಮಕ್ಕಳು ಪರಾಗಸ್ಪರ್ಶ ಎಂಬ ಶಬ್ದ ಎತ್ತಿಕೊಟ್ಟರೂ ಬಿಡದೆ ತಾವೇ ಹೇಳಿದರು. ಮಕ್ಕಳು ಕಾದು ಕೇಳಿದರು. ಪಾಠ ಆಗಿದೆ. ಉತ್ತೀರ್ಣ.'

ಕಾಲು ಮುರಿದಾಗ, ಮೂಳೆ ಕೂಡಿಸುವಾಗ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೊಮ್ಮೆ ಓದು,” ಎಂದಳು. ಓದಿದೆ. “ಇನ್ನೊಮ್ಮೆ.” ಮೂರನೇ ಸಲ ಓದುವಾಗ ಪರಾಗಸ್ಪರ್ಶದ ಹತ್ತಿರ ಬಂದು ನಿಂತೆ, ಹಿಂದೆಂದೂ ಇಲ್ಲದಷ್ಟು ಹೊತ್ತು ಸಿಕ್ಕಿಕೊಂಡೆ. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದದ್ದು ಇಬ್ಬರಿಗೂ ಕೇಳಿಸಿತು, ಸೀದ ವಾಸನೆ ಪಡಸಾಲೆಗೂ ಬಂತು. ಕಾಕು ಏಳಲಿಲ್ಲ. ನಾನು ಶಬ್ದವನ್ನು ಪೂರ್ತಿ ಹೇಳಿ ಮುಗಿಸಿದೆ.